ಇಳಿತದ ದಾರಿ

ನೀರು ತಿರುಗುವ ಹೊತ್ತು ಆ ದಿನ ತನಗೆ ನಿಜವಾಗಿಯೂ ಮರೆತುಹೋಗಿತ್ತೇ, ಅಥವಾ ನೆನಪಿದ್ದೂ ತಾನು ಸುಮ್ಮನಿದ್ದನೇ? ಗೋವರ್ಧನನಿಗೆ ತೀರ್ಮಾನವಾಗಲಿಲ್ಲ. ಮರೆತಿತ್ತು ಎಂದು ಒಪ್ಪಿಕೊಳ್ಳಲು ಒಂದು ಸಣ್ಣ ಸಂಗತಿ ಅಡ್ಡ ಬರುತ್ತಿತ್ತು. ಕಡಲತೀರದ ಅಭಯಾರಣ್ಯದ ಶಿಬಿರದಲ್ಲಿ, ಊಟದ ಮನೆಯ ಗೋಡೆಗೆ ತೂಗುಹಾಕಿದ್ದ ಕಪ್ಪು ಹಲಗೆಯ ಮೇಲೆ ಉಬ್ಬರ ಇಳಿತಗಳ ಹೊತ್ತನ್ನು ದಿನಾ ಬೆಳಿಗ್ಗೆ ಬರೆಯುತ್ತಿದ್ದವನು ಅವನೇ. ಅವತ್ತೂ ಬರೆದಿದ್ದ. ಬೆರಳಿಗೆ ಹತ್ತಿದ ಸೀಮೆಸುಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡೇ ಅಣ್ಣನನ್ನು ಕರೆದುಕೊಂಡು ಹೊರಟಿದ್ದ. ಕೈ ಬರೆದದ್ದನ್ನು ತಲೆ ಓದಿರಲಿಲ್ಲ ಎನ್ನಬಹುದು, ಓದುವ ಕಾಲದಲ್ಲಿ ಎಷ್ಟೋ ಸಲ ಹಾಗಾಗಿದೆ. ಆದರೆ ಹಾಗೆಂದುಕೊಂಡ ಕೂಡಲೇ ಆ ಮಾತು ಯಾರೋ ಹೇಳಿಕೊಟ್ಟ ಸಬೂಬಿನಂತೆ ಕೇಳುತ್ತಿತ್ತು. ಮೊಳಕಾಲ್ಮೂರಿನಲ್ಲಿ ಅಕ್ಕನ ಮನೆಯ ಚಾಪೆಯ ಮೇಲೆ ಅವನು ಕಣ್ಣು ಬಿಟ್ಟುಕೊಂಡು ಮಲಗಿದ್ದ. ಪಕ್ಕದ ಮನೆಯ ಮಗ್ಗದ ಸದ್ದು ಗೋಡೆ ದಾಟಿ ಬರುತ್ತಿತ್ತು. ಲಾಳಿ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ. ಎಳೆ ಹರಿದಾಗ ಸದ್ದು ನಿಲ್ಲುತ್ತಿತ್ತು. ನಿಂತಾಗ, ನೇಯುವವನ ಬದಲು ತಾನೇ ಉಸಿರು ಬಿಗಿಹಿಡಿದು, ಮತ್ತೆ ಶುರುವಾಗಲಿ ಎಂದು ಕಾಯುತ್ತಿರುವುದು ಗೋವರ್ಧನನಿಗೆ ತಿಳಿದು ನಾಚಿಕೆಯಾಯಿತು.

ಅಕ್ಕ ಗಂಗಲಕ್ಷ್ಮಿ ಆಗಲೇ ಬಾಗಿಲ ಬೆಳಕಿಗೆ ಕೂತು ಪಕ್ಕದ ಮನೆಯವರಿಗಾಗಿ ರೇಷ್ಮೆ ನೂಲು ಸುತ್ತುತ್ತಿದ್ದಳು. ಈ ಊರಿಗೆ ಲಗ್ನವಾಗಿ ಬಂದ ಮೇಲೆ ಕಲಿತ ಕೆಲಸ. ಅವನು ಎದ್ದಿರುವುದು ಅವಳಿಗೆ ಗೊತ್ತಿತ್ತು. ತಿರುಗಿ ನೋಡದೆಯೇ, ಹೆಣದ ಹಾಗೆ ಬಿದ್ದಿರಬೇಡ, ಮುಖ ತೊಳಿ, ಬಿ.ಜಿ. ಕೆರೆಗೆ ಹೋಗುವ ಬಸ್ಸು ತಪ್ಪಿದರೆ ಬಿಸಿಲಿಗೆ ಸಿಕ್ಕುತ್ತೇವೆ ಎಂದಳು. ಅವಳೂ ಹಟ್ಟಿಗೆ ಬರುವವಳಿದ್ದಳು. ಹುಟ್ಟಿದ ಮನೆಯ ಮಾತು ಇವತ್ತು ಇತ್ಯರ್ಥವಾಗುವಾಗ ತಾನಿಲ್ಲದಿದ್ದರೆ ಹೇಗೆ ಎಂದು ನಿನ್ನೆಯೇ ಹೇಳಿದ್ದಳು. ಚಹಾದ ಲೋಟ ಅವನ ಮುಂದಿಟ್ಟು ಎದುರಿಗೇ ಕುಕ್ಕರುಗಾಲಲ್ಲಿ ಕೂತಳು.

“ಏನು ಹೇಳ್ಬೇಕಂತ ಮಾಡಿದೀಯ?”

“ನೋಡಾನ.”

“ನೋಡಾನ ಅಂಬದು ಒಂದು ಮಾತೇನಲೇ? ಅಣ್ಣ ಅಷ್ಟು ದೂರ ಬಂದು ಕೇಳಿ ಆತು. ಹೂಂ ಅನ್ನು, ಇಲ್ಲಾಂದ್ರೆ ಆಗಲ್ಲ ಅನ್ನು. ಅಲ್ಲೇನು ಮೀನಿಗೆ ಪಾಠ ಹೇಳಿಕೊಡ್ತೀಯಾ?”

ಅವನು ನಕ್ಕ. ಅವಳು ನಗಲಿಲ್ಲ. ನಗು ಮುಖದ ಮೇಲೆ ಒಂದಷ್ಟು ಹೊತ್ತು ಹಾಗೇ ಉಳಿಯಿತು; ಅದನ್ನು ಎಲ್ಲಿ ಇಡಬೇಕೋ ತಿಳಿಯದೆ ಅವನು ಲೋಟ ಬಾಯಿಗೆ ಹಿಡಿದ.

ಬಸ್ಸಿನಲ್ಲಿ ಅಕ್ಕನಿಗೆ ಹೆಂಗಸರ ಸೀಟಿನಲ್ಲಿ ಜಾಗ ಸಿಕ್ಕಿ ಅವನು ಹಿಂದೆ ಕಿಟಕಿಯ ಪಕ್ಕ ಒಬ್ಬನೇ ಆದದ್ದು ಸಮಾಧಾನವಾಯಿತು. ಶೇಂಗಾ ಕಿತ್ತು ಮುಗಿದ ಹೊಲಗಳು ಕೆಂಪಗೆ ಬಿದ್ದಿದ್ದವು. ಅವುಗಳಾಚೆ ದನ ಮೇಯುವ ಕಾವಲು, ಹುಲ್ಲು ಒಣಗಿ, ನಡುನಡುವೆ ಕಾರೆಯ ಪೊದೆ, ಜಾಲಿ, ಬೆನ್ನು ತೋರಿಸಿ ಮಲಗಿದಂಥ ಬಂಡೆಗಳು. ಇಂಥದೇ ಒಂದು ಬಂಡೆಯ ಮೇಲೆ ಅಪ್ಪ ಅವನನ್ನು ಕೂರಿಸಿ, “ಇಲ್ಲೇ ಕೂತ್ಕ, ನಾವು ಬರಾಗಂಟ ಏಳಬ್ಯಾಡ” ಎಂದಿದ್ದ. ಗೋವರ್ಧನ ಆಗ ಕನ್ನಡ ಶಾಲೆಯಲ್ಲಿದ್ದ. ಮುಂಗಾರಿನ ಮೊದಲ ಮಳೆ ಬಿದ್ದು ಕಾವಲಿನಲ್ಲಿ ಹುಲ್ಲು ಮೂಡಿತ್ತು. ದೇವರ ದನ ಮುಂದೆ ಮುಂದೆ ಮೇಯುತ್ತ ಹೋದವು. ಅವುಗಳ ಹಿಂದೆ ಅಪ್ಪ, ಅಪ್ಪನ ಪಕ್ಕದಲ್ಲಿ ಅಣ್ಣ ಕ್ಯಾತಪ್ಪ. ಅವರ ಹಟ್ಟಿಯಲ್ಲಿ ದೇವರಿಗೆ ಬಿಟ್ಟ ದನದ ಹಿಂಡೊಂದಿತ್ತು. ಅವಕ್ಕೆ ನೊಗ ಹೂಡುವಂತಿಲ್ಲ, ಅವುಗಳ ಹಾಲು ಮಾರುವಂತಿಲ್ಲ. ಅವನ್ನು ಕಾಯಲೆಂದೇ ಒಬ್ಬ ಕಿಲಾರಿ, ಆಗ ಅಪ್ಪ. ಕಿಲಾರಿಯಾದವನು ಕಾಲಿಗೆ ಮೆಟ್ಟುವಂತಿಲ್ಲ, ದನ ಬಿಟ್ಟು ಬೇರೆ ಕೆಲಸ ಹಿಡಿಯುವಂತಿಲ್ಲ. ಹೆಂಡತಿ ಮಕ್ಕಳು ಇದ್ದರೂ ಅವನ ರಾತ್ರಿಗಳೆಲ್ಲ ದನ ಕೂಡುವ ರೊಪ್ಪದ ಮುಳ್ಳುಬೇಲಿಯ ಒಳಗೇ. ಕೈಲಾಗದ ಕಾಲಕ್ಕೆ ಅವನು, ಇನ್ನು ದನದ ಹಿಂದೆ ನೀನು ನಡೆಯುತ್ತೀಯಾ ಎಂದು ತನ್ನ ಮನೆಯವನೊಬ್ಬನನ್ನು ಕೇಳಬೇಕು. ಕೇಳುವುದು ಒಂದೇ ಸಲ. ಸೂರಿನ ಕೆಳಗೆ ಕೇಳಬಾರದು, ನಡೆಯುತ್ತಿರುವಾಗ ಬಯಲಲ್ಲಿ ಕೇಳಬೇಕು, ಮೂರನೆಯವರು ಜೊತೆಗಿರಬಾರದು. ಕೇಳಿಸಿಕೊಂಡವನ ಉತ್ತರವನ್ನು ಯುಗಾದಿಗೆ ಮುಂಚೆ ರೊಪ್ಪದ ಮುಂದೆ, ಹಟ್ಟಿಯವರು ಸೇರಿದಾಗ ಹೇಳಬೇಕು. ಆಗಲ್ಲ ಎಂದವನನ್ನು ಮತ್ತೆ ಯಾರೂ ಕೇಳುವ ಹಾಗಿಲ್ಲ. ದನ ಬೇರೆ ಮನೆಗೆ ಹೋಗುತ್ತದೆ; ಹೋದದ್ದು ಹೋದ ಹಾಗೆಯೇ.

ಬಂಡೆಯ ಮೇಲಿನಿಂದ ಗೋವರ್ಧನ ಅವರಿಬ್ಬರೂ ಸಣ್ಣದಾಗುತ್ತ ಹೋಗುವುದನ್ನು ನೋಡಿದ್ದ. ಒಂದು ಕಡೆ ಇಬ್ಬರೂ ನಿಂತರು. ಅಣ್ಣ ತಲೆ ಆಡಿಸಿದ. ಅಷ್ಟು ದೂರದಿಂದ ತಲೆ ಆಡಿಸಿದ್ದು ಕಾಣುವುದು ಸಾಧ್ಯವೇ ಇಲ್ಲವೆಂದು ಈಗ ಗೊತ್ತು, ಆದರೂ ಅವನಿಗೆ ಅದು ಕಂಡ ನೆನಪಿದೆ. ಕ್ಯಾತಪ್ಪನಿಗೆ ಆಗ ಮೀಸೆ ಚಿಗುರುವ ಕಾಲ. ಚಳ್ಳಕೆರೆಗೆ ಹೋಗಿ ಲಾರಿಯವರ ಸ್ನೇಹ ಮಾಡಿದ್ದ. ಕ್ಲೀನರಾಗಿ ಸೇರಿ ಆಮೇಲೆ ಡ್ರೈವರಾಗುತ್ತೇನೆ, ಬೊಂಬಾಯಿ ನೋಡುತ್ತೇನೆ ಎನ್ನುತ್ತಿದ್ದ. ಸಂತೆಯಲ್ಲಿ ಕೊಂಡ ಹೊಸ ಚಪ್ಪಲಿ ಮೆಟ್ಟಿಕೊಂಡು ನಡೆದಾಗ ಅವು ಕಿರ್‌ಕಿರ್ ಎನ್ನುತ್ತಿದ್ದವು. ಬಂಡೆಯ ಹತ್ತಿರಕ್ಕೆ ವಾಪಸು ಬಂದಾಗ ಆ ಚಪ್ಪಲಿ ಅವನ ಕೈಯಲ್ಲಿದ್ದವು. ತಮ್ಮನ ಮಡಿಲಿಗೆ ಹಾಕಿ, ಈಗ ದೊಡ್ಡವಾಗುತ್ತವೆ, ಕಾಲು ಬೆಳೆದ ಮೇಲೆ ಮೆಟ್ಟಿಕೋ ಎಂದ. ಮುಂದೆ ಗೋವರ್ಧನ ತುದಿಗೆ ಬಟ್ಟೆ ತುರುಕಿ ಅವನ್ನೇ ಮೆಟ್ಟಿಕೊಂಡು ಹೈಸ್ಕೂಲಿಗೆ ಹೋದ. ಬಟ್ಟೆ ತೆಗೆಯುವಷ್ಟು ಕಾಲು ಬೆಳೆಯುವ ಹೊತ್ತಿಗೆ ಚಪ್ಪಲಿ ಸವೆದಿದ್ದವು.

ಬಸ್ಸು ಯಾವುದೋ ಹಳ್ಳಿಯ ಮುಂದೆ ನಿಂತು ಕುರಿಯ ಮರಿಯೊಂದನ್ನು ಟವಲಿನಲ್ಲಿ ಸುತ್ತಿಕೊಂಡವನೊಬ್ಬನನ್ನು ಹತ್ತಿಸಿಕೊಂಡಿತು. ಕಂಡಕ್ಟರು ಮರಿಗೂ ಟಿಕೀಟು ಆಗುತ್ತದೆ ಎಂದು ಕೀಟಲೆ ಮಾಡುತ್ತಿದ್ದ. ಗೋವರ್ಧನನಿಗೆ ಚಳ್ಳಕೆರೆಯ ಟಾರು ರಸ್ತೆ ನೆನಪಾಗುತ್ತಿತ್ತು. ಬಿ.ಎಸ್ಸಿ. ಓದುವಾಗ ಬೇಸಗೆಯ ಒಂದು ಮಧ್ಯಾಹ್ನ ಅವ್ವ ಕೊಟ್ಟ ಬುತ್ತಿಯನ್ನು ಅಣ್ಣ ತಂದಿದ್ದ. ಎಣ್ಣೆ ಮಿಲ್ಲಿನ ಹಿಂಡಿಯ ವಾಸನೆ ಗಾಳಿಯಲ್ಲಿ ಗಟ್ಟಿಯಾಗಿ ನಿಂತಿತ್ತು. ಇಬ್ಬರೂ ರಸ್ತೆ ಬದಿಯಲ್ಲಿದ್ದಾಗ ಕಾಲೇಜಿನ ಮೇಷ್ಟ್ರೊಬ್ಬರು ಸೈಕಲ್ಲು ನಿಲ್ಲಿಸಿ ಗೋವರ್ಧನನ ಜೊತೆ ಮಾತಿಗೆ ತೊಡಗಿದರು. ಪರೀಕ್ಷೆ, ಮುಂದಿನ ಓದು, ಧಾರವಾಡದಲ್ಲಿ ಸೀಟು. ಅವರು ಮಾತನಾಡುವಷ್ಟು ಹೊತ್ತೂ ಅಣ್ಣ ಒಂದು ಕಾಲೆತ್ತಿ ಇನ್ನೊಂದರ ಮೇಲೆ, ಅದನ್ನು ಇಳಿಸಿ ಮತ್ತೊಂದನ್ನು ಎತ್ತಿ ನಿಂತಿದ್ದ. ಕರಗಿದ ಟಾರು ಅಂಗಾಲಿಗೆ ಹತ್ತುತ್ತಿತ್ತು. ನೆರಳು ಹತ್ತು ಹೆಜ್ಜೆಯಾಚೆ ಇತ್ತು. ಅಲ್ಲಿಗೆ ಹೋಗಿ ನಿಲ್ಲು ಎಂದು ಅಣ್ಣನಿಗೆ ಹೇಳಿದರೆ ಮೇಷ್ಟ್ರು ಅವನ ಕಾಲು ನೋಡುತ್ತಾರೆ ಎಂಬ ಒಂದೇ ಕಾರಣಕ್ಕೆ ಗೋವರ್ಧನ ಹೇಳಲಿಲ್ಲ. ಮೇಷ್ಟ್ರು ಹೋದ ಮೇಲೆ ಅಣ್ಣ, “ಒಳ್ಳೇರು ಕಣಲೇ, ನಿನ್ನ ಮ್ಯಾಲೆ ಪ್ರೀತಿ ಐತೆ” ಎಂದ.

ತೊಂಬತ್ತೆಂಟರ ಮಳೆಗಾಲ ಕಳೆದ ಮೇಲೆ ಅದೇ ಅಣ್ಣ ಎರಡು ಬಸ್ಸು ಬದಲಾಯಿಸಿ, ಘಟ್ಟ ಇಳಿದು, ಅಭಯಾರಣ್ಯದ ಗೇಟಿನ ಮುಂದೆ ಕಂಬಳಿ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಗೋವರ್ಧನ ಅಲ್ಲಿ ದಿನಗೂಲಿಯ ಮೇಲೆ ಸೇರಿದ್ದ. ಬಂದವರನ್ನು ಕಾಲುದಾರಿಗಳಲ್ಲಿ ನಡೆಸಿ, ಗಿಡ ಹಕ್ಕಿಗಳ ಹೆಸರು ಹೇಳಿ, ಕತ್ತಲಾಗುವ ಮೊದಲು ಶಿಬಿರಕ್ಕೆ ತಂದುಬಿಡುವ ಕೆಲಸ. ಅಣ್ಣನನ್ನು ಕಂಡ ಕ್ಷಣದಲ್ಲೇ ಯಾಕೆ ಬಂದಿದ್ದಾನೆಂದು ಅವನಿಗೆ ತಿಳಿಯಿತು. ಕ್ಯಾತಪ್ಪ ಎಡಗಾಲನ್ನು ಎಳೆಯುತ್ತಿದ್ದ. ಮಂಡಿ ಊದಿತ್ತು. “ಸಮುದ್ರ ನೋಡಾನ ಅಂತ ಬಂದೆ” ಎಂದ. ದನ ಬಿಟ್ಟು ಒಂದು ರಾತ್ರಿಯೂ ಹೊರಗೆ ಕಳೆಯದವನು ಸಮುದ್ರ ನೋಡಲು ಬಂದಿದ್ದ! ಗೋವರ್ಧನನ ಬಾಯಿ ಬಾ ಅಣ್ಣ ಎನ್ನುತ್ತಿದ್ದಾಗ ಮನಸ್ಸು ಆಗಲೇ ಒಂದು ಲೆಕ್ಕ ಹಾಕುತ್ತಿತ್ತು: ಕೋಣೆಯ ಸೂರಿನ ಕೆಳಗೆ ಕೇಳುವಂತಿಲ್ಲ. ನಾಳೆ ನಡೆಯುವಾಗ ಕೇಳುತ್ತಾನೆ. ಮೂರನೆಯವನೊಬ್ಬ ಜೊತೆಗಿದ್ದರೆ ಅಲ್ಲಿಯೂ ಕೇಳುವಂತಿಲ್ಲ.

ಹಾಗಾಗಿಯೇ ಜಯದೇವಪ್ಪನನ್ನು ಕರೆದದ್ದು. ಜಯದೇವಪ್ಪ ಹೊಳಲ್ಕೆರೆ ಕಡೆಯ ಗಾರ್ಡು. ಒಬ್ಬನೇ ಇದ್ದರೂ ಮಾತಾಡುವ ಮನುಷ್ಯ. ನಮ್ಮ ಜಿಲ್ಲೆಯವರು ಬಂದರೆ ನಾನು ಬಿಡುತ್ತೇನೆಯೇ ಎಂದು ತಾನೇ ಮುಂದಾಗಿ ಟೋಪಿ ಹಾಕಿಕೊಂಡ. ಗಾಳಿಮರದ ತೋಪು ದಾಟಿ, ಉಪ್ಪುನೀರು ತಡೆಯಲು ಕಟ್ಟಿದ ಏರಿಯ ಮೇಲೆ ಮೂವರೂ ಸಾಲಾಗಿ ನಡೆದರು. ದಾರಿ ತೋರಿಸುವವನು ಮುಂದಿರಬೇಕು, ಆದ್ದರಿಂದ ಗೋವರ್ಧನ ಮುಂದೆ. ನಡುವೆ ಜಯದೇವಪ್ಪ. ಕ್ಯಾತಪ್ಪ ತಾನಾಗಿಯೇ ಹಿಂದೆ ಉಳಿದ. ಅವನ ಜೀವಮಾನವೆಲ್ಲ ಹಿಂಡಿನ ಹಿಂದೆ ನಡೆದದ್ದು. ಜಯದೇವಪ್ಪನ ಬೂಟಿನ ಸದ್ದಿನ ಆಚೆ ಅಣ್ಣನ ಬರಿಗಾಲ ಸದ್ದು ಕೇಳುತ್ತದೆಯೇ ಎಂದು ಗೋವರ್ಧನ ಕಿವಿಗೊಟ್ಟುಕೊಂಡೇ ನಡೆದ. ಒಂದು ಕಾಲು ಊರುವ ಸದ್ದು, ಇನ್ನೊಂದು ಎಳೆಯುವ ಸದ್ದು. ಎಡಕ್ಕೆ ನೀರಿನ ಅಂಚಿಗೆ ಬೆಳ್ಳಕ್ಕಿ ಕೂತಿದ್ದವು. ಬಲಕ್ಕೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲದ ಕಾಡು, ಬೇರುಗಳನ್ನು ಕೆಸರಿನಿಂದ ಮೇಲೆತ್ತಿಕೊಂಡು ಎದ್ದು ನಿಂತಂತೆ.

“ಅಲ್ಲ ಕ್ಯಾತಣ್ಣ, ನಿಮ್ಮ ದೇವರಿಗೆ ದನಾನೇ ಆಗ್ಬೇಕಾ? ಎಮ್ಮೆ ಬಿಟ್ರೆ ಆಗಲ್ವಾ?” ಎಂದು ಜಯದೇವಪ್ಪ ಕೇಳಿದ.

“ಎಮ್ಮೆ ಹಾಲಿಗೆ ನಿದ್ದೆ ಜಾಸ್ತಿ. ದೇವ್ರು ಮಲಗಿಬಿಟ್ರೆ ಮಳೆ ಯಾರು ಕಳಿಸ್ತಾರೆ?”

“ಈಗೇನು ಎಚ್ಚರ ಇದ್ದು ಭಾಳ ಕಳಿಸಿಬಿಟ್ಟವ್ನೆ, ನಿಮ್ಮ ಕಡೀಗೆ.”

ಕ್ಯಾತಪ್ಪ ಜೋರಾಗಿ ನಕ್ಕ. ಆ ನಗುವಿಗೆ ಗೋವರ್ಧನನ ಎದೆ ಹಗುರಾಯಿತು. ಹೀಗೇ ನಕ್ಕು ಮಾತಾಡಿ ಸಂಜೆಯ ಬಸ್ಸಿಗೆ ಹತ್ತಿಸಿಬಿಟ್ಟರೆ ಮುಗಿಯಿತು ಎನ್ನಿಸಿತು. ಹಾಗನ್ನಿಸಿದ್ದಕ್ಕೆ, ಮುಂದೆ ಇದ್ದದ್ದರಿಂದ ಯಾರಿಗೂ ಮುಖ ಕಾಣದಿದ್ದರೂ, ಕೆನ್ನೆ ಬಿಸಿಯಾಯಿತು.

ಏರಿಯ ಕೊನೆಗೆ ಬರುವಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದರು. ಬಂದಿದ್ದ ಪ್ರವಾಸಿಗಳು ಗಾಳಿಮರದ ತೋಪಿನಲ್ಲಿ ಒಲೆ ಹೂಡಿದ್ದಾರಂತೆ, ಸೊಪ್ಪಿಗೆ ಬೆಂಕಿ ಹತ್ತಿದರೆ ಕಷ್ಟ. ಜಯದೇವಪ್ಪ ಬಯ್ಯುತ್ತಲೇ ವಾಪಸು ಓಡಿದ; ನೀವು ಹೋಗ್ತಿರ್ರಿ, ಗುಡ್ಡದ ಮೇಲೆ ಸಿಕ್ತೀನಿ ಎಂದ. ಅವನ ಬೂಟಿನ ಸದ್ದು ಹೋದ ಮೇಲೆ ಕೆಸರಿನಲ್ಲಿ ಏಡಿಗಳು ಬಿಲ ಸೇರುವ ಸದ್ದು ಕೇಳುತ್ತಿತ್ತು. ಗೋವರ್ಧನ ಬೇಗಬೇಗ ಹೆಜ್ಜೆ ಹಾಕಿದ. ಕಾಲುದಾರಿ ಅಲ್ಲಿ ಕಾಂಡ್ಲದ ಕಾಡನ್ನು ಬಳಸಿಕೊಂಡು ಹಲಗೆಗಳ ಮೇಲೆ ಸುತ್ತುಹಾಕಿ ಗುಡ್ಡಕ್ಕೆ ಹೋಗುತ್ತಿತ್ತು. ಅವನು ಹಲಗೆ ಹತ್ತಿ ತಿರುಗಿ ನೋಡಿದರೆ ಅಣ್ಣ ಕೆಳಗೆ ನಿಂತಿದ್ದ. ಹಿನ್ನೀರಿನ ಕವಲೊಂದು ಇಳಿತಕ್ಕೆ ಬರಿದಾಗಿ, ಗಟ್ಟಿ ಮರಳಿನ ಹಾಸು ಹಗ್ಗ ಎಳೆದಂತೆ ನೆಟ್ಟಗೆ ಗುಡ್ಡದ ಬುಡದವರೆಗೆ ಕಾಣುತ್ತಿತ್ತು.

“ಹಳ್ಳದ ದಾರಿ ಇಷ್ಟು ನೆಟ್ಟಗೈತೆ, ಅಲ್ಯಾಕೆ ಸುತ್ತಾಕ್ತೀಯ?” ಎಂದು ಕ್ಯಾತಪ್ಪ ಇಳಿದೇಬಿಟ್ಟ.

ಅವರ ಸೀಮೆಯಲ್ಲಿ ಹಳ್ಳವೆಂದರೆ ದಾರಿಯೇ. ಮಳೆ ಬಂದಾಗ ಒಂದು ರಾತ್ರಿ ಹರಿದು, ಬೆಳಗಾಗುವಷ್ಟರಲ್ಲಿ ಸೋರಿಹೋಗಿ, ವರ್ಷವೆಲ್ಲ ಮರಳು ಹಾಸಿಕೊಂಡು ಬಿದ್ದಿರುತ್ತದೆ. ಗಾಡಿ ಹೋಗುವುದು, ದನ ಹೊಡೆಯುವುದು, ಮದುವೆ ದಿಬ್ಬಣ ಹೋಗುವುದು ಅದರಲ್ಲೇ. ಮರಳು ಅಂಗಾಲಿಗೆ ಮೆತ್ತಗೆ, ಮುಳ್ಳಿಲ್ಲ, ಮಂಡಿಗೆ ಏರಿಲ್ಲ. ಗೋವರ್ಧನ ಹಲಗೆಯ ಮೇಲೆ ಒಂದು ಗಳಿಗೆ ನಿಂತ. ಅಣ್ಣ, ಅದು ಹಳ್ಳ ಅಲ್ಲ ಎನ್ನಬೇಕಿತ್ತು. ಎನ್ನದೆ ತಾನೂ ಇಳಿದ. ಈಗ ಅಣ್ಣ ಮುಂದೆ, ಅವನು ಹಿಂದೆ. ಎದುರಿಗೆ ಕಂಬಳಿ ಹೊದ್ದ ಆ ಬೆನ್ನು, ಒಂದು ಪಕ್ಕಕ್ಕೆ ವಾಲುವ ಹೆಗಲು, ಒದ್ದೆ ಮರಳಿನಲ್ಲಿ ಒಂದೊಂದೇ ಮೂಡುವ ಹೆಜ್ಜೆ. ಸಣ್ಣವನಿದ್ದಾಗ ಗೋವರ್ಧನ ಕಾವಲಿನಲ್ಲಿ ಇದೇ ಹೆಜ್ಜೆಗಳಲ್ಲಿ ತನ್ನ ಪಾದ ಇಟ್ಟು, ಕುಪ್ಪಳಿಸಿ, ಕುಪ್ಪಳಿಸಿ ನಡೆಯುತ್ತಿದ್ದ. ಅಣ್ಣ ತಿರುಗಿ ನೋಡದೆಯೇ ಹೆಜ್ಜೆ ಗಿಡ್ಡ ಮಾಡುತ್ತಿದ್ದ. ಸಂಜೆ ದನ ರೊಪ್ಪಕ್ಕೆ ತಿರುಗುವ ಹೊತ್ತು, ಕೆಂಪು ಧೂಳಿನಲ್ಲಿ ಕೊಂಬುಗಳು ಮಾತ್ರ ಕಾಣುತ್ತ ಹೋಗುವಾಗ, ಅಣ್ಣ ನಾಲಿಗೆಯನ್ನು ಅಂಗುಳಕ್ಕೆ ಬಡಿದು ಒಂದು ಸದ್ದು ಮಾಡುತ್ತಿದ್ದ. ಅದರಲ್ಲಿ ಮಾತಿರಲಿಲ್ಲ. ಆ ಸದ್ದಿಗೆ ದನಗಳ ಜೊತೆ ತಾನೂ ಮನೆಯ ಕಡೆಗೆ ತಿರುಗುತ್ತಿದ್ದ. ಹದಿನೈದು ವರ್ಷ ಓದಿ, ಬೇರೆ ಬೇರೆ ಊರಿನ ಅನ್ನ ತಿಂದು, ಈಗ ಈ ಉಪ್ಪು ಕೆಸರಿನ ನಡುವೆ ಅದೇ ಬೆನ್ನಿನ ಹಿಂದೆ ನಡೆಯುವಾಗ ಅವನಿಗೆ ಬೇರೇನೂ ಬೇಡವಾಗಿತ್ತು. ಕೇಳಿದರೆ ಕೇಳಲಿ ಎನ್ನಿಸಿತು. ಹೂಂ ಎಂದುಬಿಡುತ್ತೇನೆ ಎಂದೂ ಅನ್ನಿಸಿತು. ಆ ಸುಖದಲ್ಲೇ ನೀರಿನ ಹೊತ್ತು ಮರೆತಿರಬೇಕು. ಅಥವಾ ಆ ಸುಖದ ಅಡಿಯಲ್ಲಿ ಕೂತು ಇನ್ನೊಂದು ಮನಸ್ಸು, ನೀರು ಬಂದರೆ ಮಾತು ನಿಲ್ಲುತ್ತದೆ ಎಂದು ಕಾಯುತ್ತಿತ್ತೇ?

ಕ್ಯಾತಪ್ಪ ನಿಂತ. ತಿರುಗಿದ. ಹಣೆಯ ಬೆವರನ್ನು ಕಂಬಳಿಯ ತುದಿಯಿಂದ ಒರೆಸಿಕೊಂಡ. ಅವನ ಮುಖ ಎಂದೂ ಅಷ್ಟು ಗಂಭೀರವಾಗಿದ್ದದ್ದನ್ನು ಗೋವರ್ಧನ ಕಂಡಿರಲಿಲ್ಲ. ಬಂಡೆಯ ಮೇಲಿಂದ ಕಾಣದೆ ಹೋಗಿದ್ದ ಅಪ್ಪನ ಮುಖ ಹೀಗೇ ಇದ್ದಿರಬೇಕು.

“ಗೋವರ್ಧನ,” ಎಂದ.

ಅಷ್ಟರಲ್ಲಿ ಗೋವರ್ಧನನ ಕಣ್ಣು ಅಣ್ಣನ ಹಿಮ್ಮಡಿಯ ಹಿಂದೆ ಹೋಯಿತು. ನಾಲಿಗೆಯಷ್ಟು ತೆಳುವಾದ ನೀರು ಮರಳನ್ನು ನೆಕ್ಕುತ್ತ, ಒಂದು ಹಳದಿ ಎಲೆಯನ್ನು ಹೊತ್ತುಕೊಂಡು ಏರುಮುಖವಾಗಿ ಬರುತ್ತಿತ್ತು.

“ಅಣ್ಣ, ನೀರು,” ಎಂದ.

ಕ್ಯಾತಪ್ಪ ಕೆಳಗೆ ನೋಡಿದ. ಆಮೇಲೆ ಅವನು ನೋಡಿದ್ದು ಕಡಲಿನ ಕಡೆಗಲ್ಲ, ತಮ್ಮನ ಬೆನ್ನ ಹಿಂದಿನ ಘಟ್ಟದ ಮೇಲಿನ ಆಕಾಶವನ್ನು. ಎಲ್ಲಿ ಮಳೆಯಾಗೈತಲೇ ಎಂದು ಕೇಳಿದ. ಹಳ್ಳಕ್ಕೆ ನೀರು ಬಂದರೆ ಮೇಲೆಲ್ಲೋ ಮಳೆಯಾಗಿದೆ, ದೊಡ್ಡ ನೀರು ಮೇಲಿನಿಂದಲೇ ಬರುತ್ತದೆ. ಅವನಿಗೆ ಗೊತ್ತಿದ್ದ ನೀರು ಅದೊಂದೇ. ತಮ್ಮನ ಕೈ ಹಿಡಿದು ಮೇಲಿನ ನೀರಿನಿಂದ ದೂರಕ್ಕೆ, ಕಡಲಿನ ಕಡೆಗೇ ಎಳೆದುಕೊಂಡು ಓಡತೊಡಗಿದ. ಊದಿದ ಮಂಡಿಯಲ್ಲಿ, ಎದುರು ಬರುವ ನೀರನ್ನು ತುಳಿಯುತ್ತ. ಗೋವರ್ಧನ ಬೇಡ ಬೇಡ ಎಂದು ಕೂಗಿ ಎಲ್ಲ ಬಲ ಹಾಕಿ ಹಿಂದಕ್ಕೆ ಎಳೆದ. ಆ ಎಳೆದಾಟದಲ್ಲಿ ನೀರು ಮೊಣಕಾಲಿಗೆ ಬಂತು. ಕೊನೆಗೆ ಅಣ್ಣನನ್ನು ಕಾಂಡ್ಲದ ಬೇರುಗಳ ಮೇಲಕ್ಕೆ ನೂಕಿ, ತಾನೂ ಹತ್ತಿದ; ಕೊಂಬೆಯಿಂದ ಕೊಂಬೆಗೆ ಕೈ ಹಾಕುತ್ತ ಇಬ್ಬರೂ ಹಲಗೆಯ ದಾರಿಗೆ ಬಂದರು. ಬೇರಿಗೆ ಕಚ್ಚಿಕೊಂಡಿದ್ದ ಚಿಪ್ಪುಗಳು ಕ್ಯಾತಪ್ಪನ ಅಂಗಾಲನ್ನು ಸೀಳಿದ್ದವು. ಎಂಥ ಮುಳ್ಳಿಗೂ ಜಗ್ಗದ ಅಂಗಾಲು. ಗೋವರ್ಧನ ಟವಲು ಹರಿದು ಕಟ್ಟುವಾಗ ಅಣ್ಣ ಕೈಗೆ ಹತ್ತಿದ ನೀರನ್ನು ನೆಕ್ಕಿ ನೋಡಿ ಮುಖ ಕಿವುಚಿದ.

“ಇಷ್ಟು ನೀರು ಇಟ್ಕಂಡು ಒಂದು ಕರುವಿಗೂ ಕುಡಿಸಾಕೆ ಬರಲ್ಲವಲ್ಲಲೇ.”

ಗುಡ್ಡದ ಮೇಲೆ ಜಯದೇವಪ್ಪ ಇನ್ನೂ ಬಂದಿರಲಿಲ್ಲ. ಕೆಳಗೆ ಕಡಲು ಕಣ್ಣು ಹೋದಷ್ಟು ದೂರ ಬಿದ್ದಿತ್ತು. ಇಬ್ಬರೂ ಬಹಳ ಹೊತ್ತು ಕೂತರು. ಅವರು ಬಯಲಲ್ಲಿದ್ದರು, ಮೂರನೆಯವರಿರಲಿಲ್ಲ. ಎದ್ದು ನಾಲ್ಕು ಹೆಜ್ಜೆ ನಡೆದರೆ ಕೇಳಬಹುದಿತ್ತು. ಗೋವರ್ಧನ ತಾನೇ ಎದ್ದು, ಆ ತುದಿಗೆ ಹೋಗಿ ನೋಡೋಣ ಬಾ ಎಂದ. ಯಾಕೆ ಕರೆದನೋ ಅವನಿಗೇ ತಿಳಿಯದು. ಕಾಲಿಗೆ ಕಟ್ಟಿದ ಟವಲು ಕೆಂಪಾಗುತ್ತಿದ್ದದ್ದನ್ನು ನೋಡಿ ಇರಬಹುದು. ಇಬ್ಬರೂ ನಡೆದರು. ಕ್ಯಾತಪ್ಪ ಕೇಳಿದ. ಊಟಕ್ಕೆ ಏನು ಮಾಡಿಕೊಳ್ತೀಯ ಎಂದು ಕೇಳಿದ. ಮಳೆಗಾಲದಲ್ಲಿ ಕೋಣೆ ಸೋರುತ್ತದೆಯೇ ಎಂದು ಕೇಳಿದ. ಆಮೇಲೆ ಕಡಲಿನ ಕಡೆ ತಿರುಗಿ ನಿಂತು, “ಈ ಸದ್ದು ರಾತ್ರಿಯೆಲ್ಲ ಹಿಂಗೇ ಇರ್ತದಾ? ನಿದ್ದೆ ಬರ್ತದಾ?” ಎಂದ.

“ಮೊದಲು ಬರ್ತಿರಲಿಲ್ಲ. ಈಗ ರೂಢಿ ಆಗೈತೆ. ಊರಿಗೆ ಬಂದ್ರೆ ಸದ್ದಿಲ್ದೆ ನಿದ್ದೆ ಬರಲ್ಲ.”

ಅದು ಸುಮ್ಮನೆ ಆಡಿದ ಮಾತು. ಕ್ಯಾತಪ್ಪ ಅದನ್ನು ಕೇಳಿಸಿಕೊಂಡು, ಹೌದಾ ಎಂದ. ಬಗ್ಗಿ ಕಾಲಿನ ಟವಲನ್ನು ಬಿಗಿ ಮಾಡಿಕೊಂಡ. ಜಯದೇವಪ್ಪ ಏದುಸಿರು ಬಿಡುತ್ತ ಬಂದು ಬೆಂಕಿ ಆರಿಸಿದ ಕಥೆಯನ್ನು ಶುರು ಮಾಡಿದ. ಸಂಜೆಯ ಬಸ್ಸಿಗೆ ಅಣ್ಣನನ್ನು ಹತ್ತಿಸಿದಾಗ, ಕಿಟಕಿಯಿಂದ ಅವನು ತಮ್ಮನ ತಲೆಯ ಮೇಲೆ ಒಮ್ಮೆ ಕೈಯಿಟ್ಟು ತೆಗೆದ. ಕೇಳಲೇ ಇಲ್ಲ.

“ಲೇ, ಇಳಿ. ಕನಸು ಕಾಣ್ತಿದೀಯಾ?” ಎಂದು ಅಕ್ಕ ಬಸ್ಸಿನ ಬಾಗಿಲಿನಿಂದ ಕೂಗಿದಳು. ಬಿ.ಜಿ. ಕೆರೆಯಿಂದ ಹಟ್ಟಿಗೆ ಹೊಲಗಳ ನಡುವೆ ನಡೆದರು. ಅಕ್ಕ ಹಿಂದೆ, ತಲೆಗೆ ಸೆರಗು ಹಾಕಿಕೊಂಡು, ತಾನಾಗಿದ್ದರೆ ಎಂದೋ ಹೂಂ ಎನ್ನುತ್ತಿದ್ದೆ, ಹೆಣ್ಣಾಗಿ ಹುಟ್ಟಿದ್ದಕ್ಕೆ ಯಾರೂ ಕೇಳಲಿಲ್ಲ ಎನ್ನುತ್ತಿದ್ದಳು. ಅಪ್ಪ, ಅಪ್ಪನ ಅಪ್ಪ ಎಲ್ಲ ಈ ದನದ ಹಿಂದೆಯೇ ನಡೆದವರು, ನಮ್ಮ ಮನೆಯಿಂದ ಇದು ಹೋದರೆ ಹಟ್ಟಿಯಲ್ಲಿ ನಮಗೇನಿದೆ ಎಂದಳು. ಗೋವರ್ಧನನಿಗೆ ಈಗ ಒಂದೇ ಆತುರ. ಎಲ್ಲರೂ ಸೇರುವ ಮುಂಚೆ ಅಣ್ಣನನ್ನು ಒಬ್ಬನೇ ಹಿಡಿಯಬೇಕು. ರೊಪ್ಪದಿಂದ ಬಾವಿಯವರೆಗೆ ಇಬ್ಬರೇ ನಡೆದರೆ ಸಾಕು, ಇನ್ನೂ ಹೊತ್ತು ಮೀರಿಲ್ಲ, ಕೇಳಲಿ. ಏನು ಹೇಳುತ್ತೇನೋ ಗೊತ್ತಿಲ್ಲ. ಆದರೆ ಕೇಳಲಿ. ಕೇಳಿಸಿಕೊಂಡವನಾಗಿಯಾದರೂ ಆ ಜನರ ಮುಂದೆ ನಿಲ್ಲುತ್ತೇನೆ.

ರೊಪ್ಪದ ಹೊರಗೆ ಚಪ್ಪಲಿ ಬಿಟ್ಟು ಅವನು ಹೆಚ್ಚುಕಡಿಮೆ ಓಡಿಯೇ ಹೋದ. ಕ್ಯಾತಪ್ಪ ಒಬ್ಬನೇ ಇದ್ದ, ಕಲ್ಲಿನ ಬಾನಿಗೆ ನೀರು ಸುರಿಯುತ್ತಿದ್ದ. ಮೊದಲಿಗಿಂತ ಸೊರಗಿದ್ದ. ತಮ್ಮನನ್ನು ಕಂಡು ಅವನ ಮುಖ ಅರಳಿತು. “ಬಂದ್ಯಾ” ಎಂದ. ಅಣ್ಣ, ಬಾವಿ ತನಕ ಹೋಗಿ ಬರೋಣ ಎಂದ ಗೋವರ್ಧನ. ಕ್ಯಾತಪ್ಪ ಕೊಡ ಕೆಳಗಿಟ್ಟು ಅವನನ್ನೇ ಒಂದು ಕ್ಷಣ ನೋಡಿದ. ಆಮೇಲೆ ಬೇಲಿಯ ಆಚೆ ತಿರುಗಿ, “ದೊಡ್ಡೀರಪ್ಪಣ್ಣಾ, ಬರ್ರಿ ಇತ್ಲಾಗೆ. ನಮ್ಮ ಹುಡುಗ ಬಂದವ್ನೆ” ಎಂದು ಕೂಗಿದ. ಹಟ್ಟಿಯ ಹಿರಿಯ ದೊಡ್ಡೀರಪ್ಪ ಕೋಲೂರಿಕೊಂಡು ಬಂದು ಇಬ್ಬರ ನಡುವೆ ನಿಂತ. ಜಯದೇವಪ್ಪ ಯಾಕೆ ಆ ದಿನ ಜೊತೆಗೆ ಬಂದಿದ್ದನೆಂದು ಅಣ್ಣನಿಗೆ ಗೊತ್ತಿತ್ತೆಂಬುದು ಗೋವರ್ಧನನಿಗೆ ಆಗ ತಿಳಿಯಿತು.

ಬಿಸಿಲು ಏರುವ ಮುಂಚೆ ಜನ ಸೇರಿದರು. ಗಂಡಸರು ನೆಲದ ಮೇಲೆ ಕೂತರು, ಹೆಂಗಸರು ಹಿಂದೆ ನಿಂತರು. ಇವರು ಆಗಲ್ಲ ಎಂದರೆ ದನ ಹೋಗಬೇಕಿದ್ದ ಮೇಲಿನ ಮನೆಯವರೂ ಬಂದಿದ್ದರು. ಅವರ ಮಗ, ಗಟ್ಟಿಮುಟ್ಟಾದ ಯುವಕ, ಯಾರ ಕಡೆಗೂ ನೋಡದೆ ಹುಲ್ಲುಕಡ್ಡಿ ಮುರಿಯುತ್ತಿದ್ದ. ದನ ಮುಳ್ಳುಬೇಲಿಯ ಒಳಗೆ ಮೆಲುಕು ಹಾಕುತ್ತಿದ್ದವು. ದೊಡ್ಡೀರಪ್ಪ ಗಂಟಲು ಸರಿಮಾಡಿಕೊಂಡು ಗೋವರ್ಧನನಿಗೇ ಕೇಳಿದ.

“ಏನಪ್ಪ, ನಿಮ್ಮಣ್ಣ ನಿನ್ನ ಕೇಳ್ಯಾನೇನು?”

ಗೋವರ್ಧನ ಬಾಯಿ ತೆರೆದ. ಇಲ್ಲ ಎನ್ನಬೇಕಿತ್ತು. ಇಲ್ಲ, ಕೇಳಿಲ್ಲ, ಈಗ ಕೇಳಲಿ ಎನ್ನಬೇಕಿತ್ತು. ಆ ಮಾತು ಗಂಟಲಿನವರೆಗೆ ಬಂದಿತ್ತೋ, ಅಥವಾ ಬಂದಿತ್ತೆಂದು ಆಮೇಲೆ ಅವನು ಕಲ್ಪಿಸಿಕೊಂಡದ್ದೋ.

“ಕೇಳಿದೆ,” ಎಂದ ಕ್ಯಾತಪ್ಪ. ದನಗಳ ಕಡೆಗೆ ನೋಡುತ್ತಿದ್ದ. “ಕಡಲ ದಂಡ್ಯಾಗೆ, ನಡ್ಕಂತ ಕೇಳಿದೆ. ನಾವಿಬ್ರೇ ಇದ್ವಿ. ಆಗಲ್ಲಣ್ಣ ಅಂದ. ನಾನೂ ಸರಿ ಅಂದೆ.”

ಎಲ್ಲರ ಕಣ್ಣೂ ಗೋವರ್ಧನನ ಮೇಲೆ ಬಂದು, ಒಂದಷ್ಟು ಹೊತ್ತು ನಿಂತು, ಆಮೇಲೆ ಒಬ್ಬೊಬ್ಬರದಾಗಿ ಕೆಳಗಿಳಿದವು. ದೊಡ್ಡೀರಪ್ಪ, ಒಂದ್ಸಲ ಕೇಳಿ ಆದ ಮೇಲೆ ಮುಗೀತು ಎಂದು ಮೇಲಿನ ಮನೆಯವರ ಕಡೆ ತಿರುಗಿದ. ದೇವರ ದನದ ಮುಂದೆ ಅಣ್ಣ ಸುಳ್ಳು ಹೇಳಿದ್ದ. ಕಾಲಿಗೆ ಮೆಟ್ಟದೆ, ಬೊಂಬಾಯಿ ನೋಡದೆ, ಯಾವುದರ ಸಲುವಾಗಿ ಇಷ್ಟು ವರ್ಷ ನಡೆದನೋ ಅದರ ಎದುರಿಗೇ ನಿಂತು ಹೇಳಿದ್ದ. ಅವನ ಮುಖದಲ್ಲಿ ಏನೂ ಇರಲಿಲ್ಲ. ನೀರು ಕುಡಿದು ಬಾನಿಯಿಂದ ತಲೆಯೆತ್ತಿದ ಒಂದು ಮುದಿ ಹಸುವಿನ ಮೂತಿಯನ್ನು ಅಂಗೈಯಿಂದ ಒರೆಸುತ್ತಿದ್ದ.

ಬಿ.ಜಿ. ಕೆರೆಗೆ ವಾಪಸು ನಡೆಯುವಾಗ ಅಕ್ಕ ಈಗ ಮುಂದಿದ್ದಳು. ಅರ್ಧ ದಾರಿ ಕಳೆದ ಮೇಲೆ ತಿರುಗದೆಯೇ ಕೇಳಿದಳು.

“ಅಷ್ಟು ದೂರ ಕುಂಟಿಕೊಂಡು ಬಂದೋನ ಮುಖ ನೋಡಿ, ಆಗಲ್ಲ ಅನ್ನಾಕೆ ನಿಂಗೆ ಹೆಂಗೆ ಬಾಯಿ ಬಂತಲೇ?”

ಉತ್ತರಕ್ಕೆ ಕಾಯದೆ ಅವಳು ಮುಂದೆ ನಡೆದಳು. ಚಳ್ಳಕೆರೆಯ ಬಸ್ಸು ಮೊದಲು ಬಂತು, ಅವನು ಹತ್ತಿದ. ಅವಳು ಮೊಳಕಾಲ್ಮೂರಿನ ಬಸ್ಸಿಗಾಗಿ ರಸ್ತೆಯ ಆಚೆ ನಿಂತಿದ್ದಳು. ಮುಂದೆ ಎಷ್ಟೋ ವರ್ಷ, ಅವಳ ಮನೆಗೆ ಹೋದಾಗಲೆಲ್ಲ ಅವಳು ಅನ್ನ ಬಡಿಸಿದಳು, ಕ್ಷೇಮ ಕೇಳಿದಳು, ಒಮ್ಮೆಯೂ ಎದುರಿಗೆ ಕೂರಲಿಲ್ಲ.

ಅಣ್ಣ ತನ್ನನ್ನು ಕೇಳಿರಲೇ ಇಲ್ಲ ಎಂದು ಗೋವರ್ಧನ ಅವಳಿಗೆ ಹೇಳಲಿಲ್ಲ.